ಟ್ರೇಲರ್ ಮೇಲೆ ಸ್ಮೋಕರ್ ಕಟ್ಟುವುದು: ಮೊದಲು ಲೆಕ್ಕ, ಆಮೇಲೆ ವೆಲ್ಡಿಂಗ್

ಟೆಕ್ಸಾಸ್‌ನಲ್ಲಿ ಶನಿವಾರ ಬೆಳಗ್ಗೆ ಹೆದ್ದಾರಿಗೆ ಇಳಿದರೆ ಸಾಕು, ಪಿಕಪ್ ಹಿಂದೆ ಕಪ್ಪು ಟ್ಯಾಂಕೊಂದನ್ನು ಎಳೆದುಕೊಂಡು ಹೋಗುವವರು ಒಬ್ಬರಾದರೂ ಕಾಣುತ್ತಾರೆ. ಒಂದು ತುದಿಗೆ ಚಿಮಣಿ, ಇನ್ನೊಂದು ತುದಿಗೆ ಕಬ್ಬಿಣದ ಪೆಟ್ಟಿಗೆ, ನಡುವೆ ಉದ್ದನೆ ಬಾಗಿಲು. ಇದು ಆಫ್‌ಸೆಟ್ ಸ್ಮೋಕರ್, ಹೊಗೆ ಮತ್ತು ಬಿಸಿಗಾಳಿಯಲ್ಲಿ ಮಾಂಸ ಬೇಯಿಸುವ ಒಲೆ. ಬೆಂಕಿ ಮಾಂಸದ ಕೆಳಗೆ ಇರುವುದಿಲ್ಲ, ಪಕ್ಕದ ಪೆಟ್ಟಿಗೆಯಲ್ಲಿರುತ್ತದೆ. ಅಲ್ಲಿಂದ ಬಿಸಿಗಾಳಿ, ಹೊಗೆ ಎರಡೂ ಟ್ಯಾಂಕಿನೊಳಗೆ ಹಾದು ಚಿಮಣಿಯಿಂದ ಹೊರಗೆ ಹೋಗುತ್ತವೆ. ಆಸ್ಟಿನ್‌ನ ಫ್ರಾಂಕ್ಲಿನ್ ಬಾರ್ಬೆಕ್ಯೂ ಹೋಟೆಲ್ ಇವತ್ತು ಎಷ್ಟೇ ದೊಡ್ಡ ಹೆಸರಾಗಿದ್ದರೂ 2009ರಲ್ಲಿ ಶುರುವಾಗಿದ್ದು ಒಂದು ಟ್ರೇಲರ್‌ನಲ್ಲೇ.

ಇಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರಲ್ಲಿ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಿಗಾಗಿ, ಮತ್ತು ಕೆಲಸ ಗೊತ್ತಿರುವ ಗೆಳೆಯನನ್ನು ಹಿಡಿದು ಕಟ್ಟಿಸೋಣ ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಟ್ಟುವವರು ಬಹಳ ಮಂದಿ ತಮ್ಮ ಶ್ರದ್ಧೆಯನ್ನೆಲ್ಲ ಟ್ಯಾಂಕಿಗೆ ಖರ್ಚು ಮಾಡುತ್ತಾರೆ, ಟ್ರೇಲರ್ ಅಂದರೆ ಅದನ್ನು ಹೊರುವ ಗಾಲಿ ಅಷ್ಟೇ ಅಂದುಕೊಳ್ಳುತ್ತಾರೆ. ಪಿಟ್ (ಇಲ್ಲಿ ಸ್ಮೋಕರನ್ನು ಹಾಗೂ ಕರೆಯುತ್ತಾರೆ) ಸರಿಯಾಗಿ ಬರದಿದ್ದರೆ ಒಂದು ಊಟ ಹಾಳು. ಟ್ರೇಲರ್ ಸರಿಯಾಗಿ ಬರದಿದ್ದರೆ 65 ಮೈಲಿ ವೇಗದಲ್ಲಿ ಹಿಂದೆ ಬರುತ್ತಿರುವವರ ಜೀವಕ್ಕೆ ಅಪಾಯ. ಹಾಗಾಗಿ ಎರಡಕ್ಕೂ ಕಾಗದದ ಮೇಲೆ ಲೆಕ್ಕ ಮುಗಿಯುವವರೆಗೆ ಗ್ರೈಂಡರ್ ಮುಟ್ಟಬೇಡಿ.

ಟ್ಯಾಂಕ್ ಆರಿಸುವುದು

ಮನೆಮಟ್ಟಕ್ಕೆ ಸರಿಹೊಂದುವುದು 250 ಗ್ಯಾಲನ್ ಪ್ರೊಪೇನ್ ಟ್ಯಾಂಕ್. ಅಡ್ಡಳತೆ 30 ಇಂಚು, ಉದ್ದ 92 ಇಂಚಿನ ಆಸುಪಾಸು, ಖಾಲಿ ತೂಕ ಸುಮಾರು 500 ಪೌಂಡ್. ಗೋಡೆ ಹತ್ತಿರಹತ್ತಿರ ಕಾಲಿಂಚು ದಪ್ಪ, ಅಂದರೆ ಬಿಸಿಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ. 500 ಗ್ಯಾಲನ್ನಿನದು ನೋಡಲು ಗಂಭೀರವಾಗಿರುತ್ತದೆ, ನಿಜ, ಆದರೆ ಟ್ಯಾಂಕ್ ಒಂದೇ ಸಾವಿರ ಪೌಂಡಿನ ಹತ್ತಿರ ತೂಗುತ್ತದೆ, ಉದ್ದ ಸುಮಾರು 10 ಅಡಿ, ಸೌದೆಯನ್ನು ಎರಡರಷ್ಟು ನುಂಗುತ್ತದೆ. ತಿಂಗಳಿಗೊಮ್ಮೆ ನಲವತ್ತು ಐವತ್ತು ಜನಕ್ಕೆ ಮಾಡುವವರಿಗೆ ಅದು ಬೇಡ.

ಟ್ಯಾಂಕಿನ ಮೇಲೆ ಒಂದು ಲೋಹದ ಫಲಕ ಇರುತ್ತದೆ. ಬಣ್ಣ ಮುಚ್ಚಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ ಓದಿ. ಎಷ್ಟು ನೀರು ಹಿಡಿಯುತ್ತದೆ, ಗೋಡೆ ಎಷ್ಟು ದಪ್ಪ, ಯಾವ ವರ್ಷ ಮಾಡಿದ್ದು ಎಲ್ಲ ಅದರಲ್ಲೇ ಸಿಗುತ್ತದೆ. ಫಲಕ ಇಲ್ಲದ ಟ್ಯಾಂಕ್, ಒಳಗೆ ಏನಿತ್ತು ಅಂತ ಮಾರುವವನಿಗೇ ಗೊತ್ತಿಲ್ಲದ ಟ್ಯಾಂಕ್, ಎಷ್ಟೇ ಅಗ್ಗವಾದರೂ ಬೇಡ. ಕೀಟನಾಶಕ, ಗೊಬ್ಬರ, ರಾಸಾಯನಿಕ ತುಂಬಿದ್ದ ಟ್ಯಾಂಕಿನಲ್ಲಿ ಅಡುಗೆ ಮಾಡುವ ಮಾತೇ ಇಲ್ಲ. ಇನ್ನೊಂದು ವಿಚಾರ: ಇಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿರುವ ಟ್ಯಾಂಕ್ ಮನೆಯವರದ್ದಲ್ಲ, ಗ್ಯಾಸ್ ಕಂಪನಿ ಬಾಡಿಗೆಗೆ ಕೊಟ್ಟಿದ್ದು. ಮಾರುವವರ ಹತ್ತಿರ ರಸೀದಿ ಕೇಳಿ. (ಊರಲ್ಲಿ ಕೂತು ಓದುತ್ತಾ ಹಳೆ ಎಲ್‌ಪಿಜಿ ಸಿಲಿಂಡರ್ ಕತ್ತರಿಸುವ ಯೋಚನೆ ಬಂದವರಿಗೆ: ಅದೂ ಎಣ್ಣೆ ಕಂಪನಿಯ ಆಸ್ತಿ, ನೀವು ಕಟ್ಟಿರುವುದು ಡಿಪಾಸಿಟ್ ಮಾತ್ರ.)

ಖಾಲಿ ಅಂದರೆ ಖಾಲಿ ಅಲ್ಲ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಪ್ರೊಪೇನ್ ಗಾಳಿಗಿಂತ ಭಾರ. ವಾಲ್ವ್ ತೆಗೆದು ವಾರಗಟ್ಟಲೆ ಬಿಟ್ಟರೂ ಟ್ಯಾಂಕಿನ ತಳದಲ್ಲಿ ಸುಮ್ಮನೆ ಕೂತಿರುತ್ತದೆ, ತುಕ್ಕಿನ ಪದರದಲ್ಲಿ, ತಳದ ಜಿಡ್ಡಿನಲ್ಲಿ ಸೇರಿಕೊಂಡಿರುತ್ತದೆ. ಅಲ್ಲಿಗೆ ಗ್ರೈಂಡರಿನ ಒಂದು ಕಿಡಿ ಸಾಕು. ಹಿಂದೆ ಜನ ಸತ್ತಿದ್ದಾರೆ, ಈಗಲೂ ಸಾಯುತ್ತಾರೆ.

ವಿಧಾನ ಹೀಗೆ. ಉಳಿದ ಗ್ಯಾಸನ್ನು ಪ್ರೊಪೇನ್ ಕಂಪನಿಯವರಿಂದಲೇ ತೆಗೆಸಿ. ಆಮೇಲೆ ಬಯಲಿನಲ್ಲಿ, ಸುತ್ತ ಎಲ್ಲೂ ಬೆಂಕಿಯಿಲ್ಲದ ಕಡೆ, ವಾಲ್ವ್‌ಗಳನ್ನು ಬಿಚ್ಚಿ. ಹಿತ್ತಾಳೆಯವು, ಕೆಲವು ತುಂಬ ಬಿಗಿಯಾಗಿರುತ್ತವೆ, ಉದ್ದ ಪೈಪ್ ಹಾಕಿದ ಪಾನೆ ಬೇಕಾಗುತ್ತದೆ, ಟಾರ್ಚ್ ಹಿಡಿದು ಬಿಸಿ ಮಾಡುವ ಹಾಗಿಲ್ಲ. ಪಾತ್ರೆ ತೊಳೆಯುವ ಸೋಪು ಹಾಕಿ ನೀರು ತುಂಬಿ, ಖಾಲಿ ಮಾಡಿ, ಮತ್ತೆ ತುಂಬಿ. ಗ್ಯಾಸಿಗೆ ವಾಸನೆ ಬರಲೆಂದು ಬೆರೆಸುವ ಮರ್ಕಾಪ್ಟನ್ ಸುಲಭಕ್ಕೆ ಹೋಗುವುದಿಲ್ಲ. ಕೊನೆಯ ತೊಳೆತಕ್ಕೆ ಸ್ವಲ್ಪ ಬ್ಲೀಚ್ ಹಾಕಿದರೆ ಕಡಿಮೆಯಾಗುತ್ತದೆ, ಆದರೆ ಬ್ಲೀಚ್ ಹಾಕುವಾಗ ಸೋಪೂ ಸೇರಿ ಬೇರೆ ಯಾವುದೂ ಒಳಗೆ ಉಳಿದಿರಬಾರದು. ಮೊದಲ ತೂತು ಹಾಕುವಾಗ ಟ್ಯಾಂಕ್ ಬಾಯಿಯವರೆಗೆ ನೀರು ತುಂಬಿರಬೇಕು. ಗ್ಯಾಸ್ ನಿಲ್ಲಲು ಜಾಗವೇ ಇರಬಾರದು, ಅಷ್ಟೇ ಅದರ ತರ್ಕ.

250 ಗ್ಯಾಲನ್ ನೀರು ಅಂದರೆ 2,000 ಪೌಂಡಿಗಿಂತ ಮೇಲೆ, ಹತ್ತಿರಹತ್ತಿರ ಒಂದು ಟನ್. ಈ ಹೊತ್ತಿನಲ್ಲಿ ಟ್ಯಾಂಕ್ ಜಾಕ್ ಮೇಲಾಗಲೀ ಸ್ಟ್ಯಾಂಡ್ ಮೇಲಾಗಲೀ ಇರಬಾರದು. ನೆಲದ ಮೇಲೆ, ಎರಡು ಕಡೆ ದಪ್ಪ ಮರದ ತುಂಡು ಒತ್ತಿಟ್ಟು ಉರುಳದ ಹಾಗೆ ಕೂರಿಸಿ. ಇಷ್ಟೆಲ್ಲ ಓದಿ ಎದೆ ಸ್ವಲ್ಪವಾದರೂ ಅಳುಕಿದರೆ ದುಡ್ಡು ಕೊಟ್ಟು ಇದೇ ಕೆಲಸ ಮಾಡುವ ವೆಲ್ಡಿಂಗ್ ಶಾಪಿನವರಿಂದ ತೊಳೆಸಿ, ಮೊದಲ ಬಾಗಿಲನ್ನೂ ಅವರಿಂದಲೇ ಕತ್ತರಿಸಿಕೊಳ್ಳಿ. ಇಲ್ಲವಾದರೆ ಗ್ಯಾಸನ್ನೇ ಕಾಣದ ಹೊಸ ದಪ್ಪ ಪೈಪ್ ಕೊಳ್ಳಿ. ಹೂಸ್ಟನ್ ಕಡೆ ತೈಲಬಾವಿಗಳ ವೆಲ್ಡರ್‌ಗಳು ಉಳಿಕೆ ಪೈಪಿನಲ್ಲೇ ಪಿಟ್ ಕಟ್ಟುತ್ತಾ ಬಂದವರು. ಕಾರ್ ಎಕ್ಸಾಸ್ಟ್ ಹೊಗೆ ತುಂಬಿ ಕತ್ತರಿಸಿದರೆ ಸಾಕು ಅಂತ ಧೈರ್ಯ ಹೇಳುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಗಾಳಿಯ ಲೆಕ್ಕ

ಸ್ಮೋಕರ್ ಚೆನ್ನಾಗಿ ಎಳೆಯಬೇಕು. ಗಾಳಿ ಒಳಗೆ ಬರುವ ಬಾಯಿ, ಪೆಟ್ಟಿಗೆಯಿಂದ ಟ್ಯಾಂಕಿಗೆ ಹೋಗುವ ಕಂಡಿ, ಹೊರಗೆ ಹೋಗುವ ಚಿಮಣಿ, ಈ ಮೂರೂ ಒಂದಕ್ಕೊಂದು ಹೊಂದಬೇಕು. ಒಂದು ಚಿಕ್ಕದಾದರೂ ಬೆಂಕಿಗೆ ಉಸಿರು ಕಟ್ಟುತ್ತದೆ, ಬಿಳಿ ಹೊಗೆ ತುಂಬಿಕೊಳ್ಳುತ್ತದೆ, ಮಾಂಸ ಕಹಿಯಾಗುತ್ತದೆ. ಇದಕ್ಕೆ ಪಿಟ್ ಕಟ್ಟುವವರು ಬಳಸುವ ಅಂದಾಜು ಸೂತ್ರಗಳಿವೆ. 250 ಗ್ಯಾಲನ್ನಿಗೆ ಮಾಡಿ ತೋರಿಸುತ್ತೇನೆ, ನಿಮ್ಮ ಟ್ಯಾಂಕಿಗೆ ನೀವೇ ಹಾಕಿಕೊಳ್ಳಬಹುದು.

ಒಂದು ಗ್ಯಾಲನ್ ಅಂದರೆ 231 ಘನ ಇಂಚು. 250ರಿಂದ ಗುಣಿಸಿದರೆ 57,750. ಬೆಂಕಿಪೆಟ್ಟಿಗೆ, ಅಂದರೆ ಫೈರ್‌ಬಾಕ್ಸ್, ಇದರ ಮೂರನೇ ಒಂದು ಭಾಗ ಇರಬೇಕು: 19,250. ಉದ್ದ, ಅಗಲ, ಎತ್ತರ ಮೂರೂ 27 ಇಂಚಿರುವ ಪೆಟ್ಟಿಗೆ ಮಾಡಿದರೆ 19,683, ಸರಿಹೋಯಿತು. ಕಂಡಿಯ ಅಳತೆಗೆ ಪೆಟ್ಟಿಗೆಯ ಘನ ಇಂಚನ್ನು 0.008ರಿಂದ ಗುಣಿಸಿ: ಸುಮಾರು 157 ಚದರ ಇಂಚು. ಟ್ಯಾಂಕಿನ ತುದಿ ದುಂಡಗಿರುವುದರಿಂದ ಕಂಡಿ ಅರ್ಧಚಂದ್ರದ ಹಾಗೆ ಬರುತ್ತದೆ. 30 ಇಂಚಿನ ವೃತ್ತದ ತಳದಿಂದ 8 ಇಂಚು ಎತ್ತರಕ್ಕೆ ಅಡ್ಡ ಗೆರೆ ಎಳೆದು ಅದರ ಕೆಳಗಿನದನ್ನು ಕತ್ತರಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಗಾಳಿ ಬಾಯಿಗೆ 0.003ರಿಂದ ಗುಣಿಸಿ: 59 ಚದರ ಇಂಚು. ಇದರಲ್ಲಿ ಹೆಚ್ಚಿನ ಪಾಲು ಬೆಂಕಿಯ ಮಟ್ಟಕ್ಕೆ ಕೆಳಗಡೆ ಇರಲಿ, ಸ್ವಲ್ಪ ಮೇಲೆ ಕಂಡಿಯ ಮಟ್ಟಕ್ಕೆ ಇರಲಿ, ಜಾರುವ ತಗಡಿನ ಮುಚ್ಚಳ ಹಾಕಿ ಹೆಚ್ಚುಕಡಿಮೆ ಮಾಡುವಂತಿರಲಿ.

ಚಿಮಣಿಯ ಒಳಗಾತ್ರ ಟ್ಯಾಂಕಿನ ಗಾತ್ರದ ಶೇ. 1.7ರಷ್ಟು, ಅಂದರೆ ಸಾವಿರ ಘನ ಇಂಚಿನ ಆಸುಪಾಸು. 6 ಇಂಚು ಒಳವ್ಯಾಸದ ಪೈಪ್ 36 ಇಂಚು ಉದ್ದ ಇದ್ದರೆ 1,018 ಆಗುತ್ತದೆ. ನಾನಾದರೆ ಒಂದಡಿ ಜಾಸ್ತಿಯೇ ಇಡುತ್ತೇನೆ. ಚಿಮಣಿ ಉದ್ದವಾದರೆ ಎಳೆತ ಹೆಚ್ಚುತ್ತದೆ, ಹೆಚ್ಚಾದ ಎಳೆತವನ್ನು ಕೆಳಗಿನ ಮುಚ್ಚಳದಲ್ಲಿ ಕಡಿಮೆ ಮಾಡಿಕೊಳ್ಳಬಹುದು, ಇಲ್ಲದ ಎಳೆತವನ್ನು ಎಲ್ಲಿಂದ ತರುತ್ತೀರಿ? ಚಿಮಣಿಯನ್ನು ಟ್ಯಾಂಕಿನ ನೆತ್ತಿಗೆ ಕೂರಿಸಬೇಡಿ. ಬಿಸಿಗಾಳಿ ಮೇಲಿಂದ ಮೇಲೇ ಓಡಿಹೋಗುತ್ತದೆ, ಜಾಲರಿ ಮೇಲಿಟ್ಟ ಮಾಂಸಕ್ಕೆ ತಾಗುವುದೇ ಇಲ್ಲ. ಆಚೆ ತುದಿಯಲ್ಲಿ, ಜಾಲರಿಯ ಮಟ್ಟದಲ್ಲೇ ಕಂಡಿ ಹೊಡೆದು ಅಲ್ಲಿಂದ ಪೈಪನ್ನು ಮೇಲಕ್ಕೆ ತಿರುಗಿಸಿ.

ಇನ್ನೊಂದು ಬಗೆಯೂ ಇದೆ, ರಿವರ್ಸ್ ಫ್ಲೋ. ಜಾಲರಿಯ ಕೆಳಗೆ ಉದ್ದಕ್ಕೂ ತಗಡು ಹಾಕಿ ಹೊಗೆಯನ್ನು ಆಚೆ ತುದಿಯವರೆಗೆ ಕಳಿಸಿ ಮೇಲಿಂದ ವಾಪಸು ತರುವುದು, ಚಿಮಣಿ ಬೆಂಕಿಪೆಟ್ಟಿಗೆಯ ಕಡೆಗೇ ಬರುತ್ತದೆ. ಎರಡು ತುದಿಯ ಬಿಸಿ ಸಮವಾಗಿರುತ್ತದೆ ಅನ್ನುವುದು ಅದರ ಲಾಭ. ತಗಡಿನ ತೂಕ ಜಾಸ್ತಿ, ಕ್ಲೀನ್ ಮಾಡುವುದು ಕಷ್ಟ, ಬಿಸಿ ಏರಿಸಲು ಇಳಿಸಲು ಹೊತ್ತು ಹಿಡಿಯುತ್ತದೆ. ಮೊದಲ ಸಲ ಕಟ್ಟುವವರಿಗೆ ನೇರ ಹರಿವಿನದೇ ಸಾಕು.

ಕತ್ತರಿಸಿ ಬೆಸೆಯುವುದು

ಬೆಂಕಿಪೆಟ್ಟಿಗೆಗೆ ಕಾಲಿಂಚಿನ ತಗಡು ಕನಿಷ್ಠ. ಕಾಲಿಂಚಿನ ತಗಡು ಚದರಡಿಗೆ 10.2 ಪೌಂಡ್, ಆರು ಮುಖ ಸೇರಿ 30 ಚದರಡಿ, ಅಲ್ಲಿಗೆ ಪೆಟ್ಟಿಗೆಯೊಂದೇ 310 ಪೌಂಡ್. ಈ ಸಂಖ್ಯೆ ನೆನಪಿಡಿ, ಟ್ರೇಲರಿಗೆ ಬಂದಾಗ ಬೇಕು. ಒಳಗೆ ನೆಲದಿಂದ ಮೂರು ನಾಲ್ಕು ಇಂಚು ಎತ್ತರಕ್ಕೆ ಸೌದೆ ಇಡುವ ಜಾಲರಿ ಮಾಡಿ, ಬೂದಿ ಕೆಳಗೆ ಬೀಳಲಿ, ಗಾಳಿ ಅಡಿಯಿಂದ ಬರಲಿ. ಪೆಟ್ಟಿಗೆಯ ನೆತ್ತಿಯನ್ನು ಚಪ್ಪಟೆಯಾಗೇ ಬಿಡಿ. ಬೆಂಕಿ ಹತ್ತಿದ ಮೇಲೆ ಅದೇ ಒಂದು ಹಂಚು. ಕಾಫಿಗೆ ನೀರು ಕಾಯುತ್ತದೆ, ಬಾಣಲೆ ಇಡಬಹುದು, ಮನಸ್ಸಿದ್ದರೆ ಅಕ್ಕಿ ರೊಟ್ಟಿಯೂ ಬೇಯುತ್ತದೆ.

ಟ್ಯಾಂಕಿನ ಬಾಗಿಲು ಕತ್ತರಿಸುವುದಕ್ಕೆ ಒಂದು ಕ್ರಮ ಇದೆ. ಟ್ಯಾಂಕ್ ಮಾಡುವಾಗ ತಗಡನ್ನು ಸುತ್ತಿ ಬೆಸೆದಿರುತ್ತಾರಲ್ವಾ, ಆ ಬಿಗಿತ ಲೋಹದೊಳಗೇ ಉಳಿದಿರುತ್ತದೆ. ನಾಲ್ಕೂ ಕಡೆ ಒಂದೇ ಸಲ ಕತ್ತರಿಸಿದರೆ ತುಂಡು ಹೊರಬಂದ ತಕ್ಷಣ ಅದರ ಬಾಗು ಬದಲಾಗುತ್ತದೆ, ಆಮೇಲೆ ಎಷ್ಟು ಒದ್ದಾಡಿದರೂ ಅದೇ ಜಾಗಕ್ಕೆ ಕೂರುವುದಿಲ್ಲ. ಅದಕ್ಕೇ ಮೊದಲು ಹಿಂಜ್ ಬರುವ ಮೇಲಿನ ಗೆರೆ ಮಾತ್ರ ಕತ್ತರಿಸಿ, ಹಿಂಜ್‌ಗಳನ್ನು ಪೂರ್ತಿ ಬೆಸೆದುಬಿಡಿ. ಆಮೇಲೆ ಪಕ್ಕದ, ಕೆಳಗಿನ ಗೆರೆಗಳು, ಅಲ್ಲಲ್ಲಿ ಒಂದಿಂಚು ಬಿಟ್ಟು. ಕತ್ತರಿಸಿದ ಸಂದು ಮುಚ್ಚುವ ಹಾಗೆ ಬಾಗಿಲಿನ ಅಂಚಿನುದ್ದಕ್ಕೂ ಒಂದೂವರೆ ಇಂಚಿನ ಪಟ್ಟಿಯನ್ನು ಹೊರಗಡೆಯಿಂದ ಬೆಸೆಯಿರಿ, ಪಟ್ಟಿಯೇ ಬಾಗಿಲಿನ ಆಕಾರ ಹಿಡಿದಿಡುತ್ತದೆ. ಕೊನೆಗೆ ಬಿಟ್ಟಿದ್ದ ಆ ಒಂದೊಂದು ಇಂಚನ್ನು ಕತ್ತರಿಸಿ. 30 ಇಂಚಿಗೆ 40 ಇಂಚಿನ ಬಾಗಿಲು 80 ಪೌಂಡಿನ ಹತ್ತಿರ ತೂಗುತ್ತದೆ. ಒಂದೇ ದೊಡ್ಡ ಬಾಗಿಲಿಗಿಂತ ಎರಡು ಚಿಕ್ಕವು ಮಾಡಿ, ಹಿಂದುಗಡೆಗೆ ಪ್ರತಿಭಾರ ಕೊಡಿ. ಒಂದು ಕೈಯಲ್ಲಿ ಕೋಳಿ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ಎತ್ತುವಂತಿರಬೇಕು. ಎರಡು ಬಾಗಿಲಿದ್ದರೆ ಒಂದನ್ನು ತೆಗೆದಾಗ ಬಿಸಿಯೆಲ್ಲ ಹೋಗುವುದೂ ಇಲ್ಲ.

ಜಾಲರಿಗೆ ದಪ್ಪನೆಯ, ಚಪ್ಪಟೆ ಮಾಡಿದ ಎಕ್ಸ್‌ಪ್ಯಾಂಡೆಡ್ ಮೆಟಲ್ (ತಗಡನ್ನು ಸೀಳಿ ಹಿಗ್ಗಿಸಿ ಮಾಡಿದ ಬಲೆ) ತನ್ನಿ, ಸುತ್ತ ಒಂದಿಂಚಿನ ಆಂಗಲ್ ಹಾಕಿ. ಮೂರು ತುಂಡು ಮಾಡಿ, ತೊಳೆಯಲು ಹೊರಗೆ ತೆಗೆಯಬೇಕಲ್ಲ. ಒಂದೇ ಅಂತಸ್ತಿನಲ್ಲಿ 16 ಚದರಡಿ ಜಾಗ ಸಿಗುತ್ತದೆ. ಸತುವಿನ ಲೇಪ ಇರುವ ಜಿಐ ಜಾಲರಿ, ಜಿಐ ಪೈಪ್ ಯಾವುದನ್ನೂ ಒಳಗೆ ಹಾಕಬೇಡಿ. ಬೆಸೆಯುವಾಗ ಆ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ, ಅಡುಗೆಯಲ್ಲೂ ಅದು ಬೇಡ. ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿ ಅದರ ಮೇಲೇ ವೆಲ್ಡಿಂಗ್ ಮಾಡುವುದಂತೂ ಬೇಡವೇ ಬೇಡ. ಆರ್ಕಿನ ಶಾಖಕ್ಕೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ, ಮೊದಲ ಮಹಾಯುದ್ಧದಲ್ಲಿ ಬಳಸಿದ್ದು ಅದೇ ಅನಿಲ.

ಟ್ಯಾಂಕಿನ ತಳಕ್ಕೆ ಎರಡಿಂಚಿನ ಪೈಪ್, ಒಂದು ಬಾಲ್ ವಾಲ್ವ್ ಹಾಕಿ, ಕೊಬ್ಬು ಹರಿದುಹೋಗಲು. ಇಳಿಜಾರು ಬೆಂಕಿಪೆಟ್ಟಿಗೆಯ ಕಡೆ ಇರಬಾರದು, ಆಚೆ ಕಡೆ ಇರಲಿ. ಥರ್ಮಾಮೀಟರನ್ನು ಜಾಲರಿಯ ಮಟ್ಟದಲ್ಲಿ ಕೂರಿಸಿ. ಬಾಗಿಲಿನ ನೆತ್ತಿಗೆ ಹಾಕಿದ್ದು ನೋಡಲು ಚೆಂದ, ಆದರೆ ಅದು ತೋರಿಸುವ ಬಿಸಿ ಮಾಂಸ ಇರುವ ಜಾಗದ್ದಲ್ಲ.

ಈಗ ಟ್ರೇಲರ್

ತೂಕ ಕೂಡಿಸೋಣ. ಟ್ಯಾಂಕ್ 500, ಪೆಟ್ಟಿಗೆ 310, ಜಾಲರಿ, ಚಿಮಣಿ, ಪಟ್ಟಿ, ಕಾಲು ಎಲ್ಲ ಸೇರಿ 250, ಚೌಕಟ್ಟು, ಅಚ್ಚು, ಚಕ್ರ 700, ಸೌದೆ 200. ಹತ್ತಿರಹತ್ತಿರ 2,000 ಪೌಂಡ್. 3,500 ಪೌಂಡ್ ಹೊರುವ ಒಂದೇ ಅಚ್ಚು ಧಾರಾಳ ಸಾಕು. ಚೌಕಟ್ಟಿಗೆ 2 ಇಂಚು 4 ಇಂಚಿನ ಆಯತದ ಟ್ಯೂಬ್, ಗೋಡೆ 3/16 ಇಂಚು. ಮುಂದಿನ ಮೂಕಿಯನ್ನು ಎರಡು ಕಡೆಯಿಂದ ಬಂದು ಸೇರುವ ಹಾಗೆ ಮಾಡಿ, ಒಂಟಿ ಕೋಲು ಬೇಡ. ಟೈರಿನ ಮೇಲೆ 'ಎಸ್‌ಟಿ' ಅಂತ ಬರೆದಿರಬೇಕು, ಅದು ಟ್ರೇಲರಿಗೆಂದೇ ಮಾಡಿದ್ದು. ಹಳೆ ಕಾರಿನ ಟೈರ್ ಹಾಕಿ ಉಳಿಸುವ ದುಡ್ಡು ದುಡ್ಡಲ್ಲ.

ಎತ್ತಿನಗಾಡಿ ಹೊಡೆದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ: ಹಿಂಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಗೆ ಕಚ್ಚುತ್ತದೆ. ಹೆದ್ದಾರಿಯಲ್ಲಿ ಅದೇ ಹಿಂಭಾರದ ಟ್ರೇಲರ್ ಬಾಲ ಬೀಸುತ್ತದೆ, ಒಂದು ಸಲ ಶುರುವಾದರೆ ಪಿಕಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಒಟ್ಟು ತೂಕದ ಶೇ. 10ರಿಂದ 15ರಷ್ಟು ಪಿಕಪ್ಪಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನಮ್ಮ 2,000 ಪೌಂಡಿಗೆ 200ರಿಂದ 300. ಸ್ಮೋಕರಿನಲ್ಲಿ ತೊಂದರೆ ಏನೆಂದರೆ 310 ಪೌಂಡಿನ ಬೆಂಕಿಪೆಟ್ಟಿಗೆ ಸಾಮಾನ್ಯವಾಗಿ ಹಿಂದೆ ನೇತಾಡುತ್ತಿರುತ್ತದೆ. ರೆಡಿಮೇಡ್ ಟ್ರೇಲರ್ ತಂದು ಮೇಲೆ ಪಿಟ್ ಇಟ್ಟರೆ ಅದಕ್ಕೇ ಕೆಡುವುದು. ಅದರ ಅಚ್ಚು ಸಮನಾಗಿ ಹರಡಿದ ಸರಕಿಗೆ ಲೆಕ್ಕ ಹಾಕಿ ಕೂರಿಸಿದ್ದು.

ಆದ್ದರಿಂದ ಅಚ್ಚನ್ನು ಕೊನೆಗೆ ಬೆಸೆಯಿರಿ. ಚೌಕಟ್ಟಿನ ಮೇಲೆ ಟ್ಯಾಂಕ್, ಪೆಟ್ಟಿಗೆ, ಬಾಗಿಲು, ಜಾಲರಿ, ಸೌದೆಬುಟ್ಟಿ ಎಲ್ಲವನ್ನೂ ಇಟ್ಟು, ಅಡಿಗೆ ಅಡ್ಡಲಾಗಿ ಒಂದು ದಪ್ಪ ಪೈಪ್ ತೂರಿಸಿ, ಹಿಂದೆ ಮುಂದೆ ಸರಿಸುತ್ತಾ ಎರಡೂ ಕಡೆ ಸಮ ತೂಗುವ ಜಾಗ ಹುಡುಕಿ ಗುರುತು ಹಾಕಿ. ಚೌಕಟ್ಟು ಪೂರ್ತಿ ವಾಲದ ಹಾಗೆ ನಾಲ್ಕು ಮೂಲೆಗೂ ಮರದ ದಿಮ್ಮಿ ಇಟ್ಟಿರಬೇಕು, ಒಂದಿಂಚು ಅಲ್ಲಾಡುವಷ್ಟು ಸಂದು ಸಾಕು. ಅಚ್ಚು ಈ ಗುರುತಿಗಿಂತ ಹಿಂದೆ ಬರಬೇಕು. ಎಷ್ಟು ಹಿಂದೆ? ಕೊಂಡಿಯಿಂದ ಅಚ್ಚಿಗೆ 120 ಇಂಚು ದೂರ ಅಂದುಕೊಳ್ಳಿ. ಶೇ. 12 ಬೇಕೆಂದರೆ 120ರ ಶೇ. 12, ಅಂದರೆ 14 ಇಂಚು ಚಿಲ್ಲರೆ. ಇಷ್ಟು ಸರಳ ಲೆಕ್ಕವನ್ನು ಬಿಟ್ಟು ಕಣ್ಣಂದಾಜಿಗೆ ಬೆಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಗಿದ ಮೇಲೆ ಟ್ರಕ್ ಸ್ಟಾಪಿನಲ್ಲಿರುವ ತೂಕದ ಸೇತುವೆಗೆ ಒಯ್ದು ಕೊಂಡಿ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸಿ. ನಿಮ್ಮ ಲೆಕ್ಕ ಸರಿಯಾ ತಪ್ಪಾ ಅಲ್ಲೇ ಗೊತ್ತಾಗುತ್ತದೆ.

ಟ್ಯಾಂಕಿನ ಕಾಲುಗಳನ್ನು ಎರಡೂ ತುದಿಯಲ್ಲಿ ಚೌಕಟ್ಟಿಗೆ ಬಿಗಿಯಾಗಿ ಬೆಸೆಯಬಾರದು. 92 ಇಂಚಿನ ಉಕ್ಕು 200 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಏರಿದರೆ ಇಂಚಿನ ಎಂಟನೇ ಒಂದು ಭಾಗ ಉದ್ದವಾಗುತ್ತದೆ. ಕೇಳಲು ಚೂರೇ ಅನಿಸುತ್ತದೆ, ಆದರೆ ಜಾಗ ಕೊಡದಿದ್ದರೆ ಬೆಸುಗೆ ಬಿರುಕು ಬಿಡುತ್ತದೆ. ಒಂದು ತುದಿ ಬೆಸೆಯಿರಿ. ಇನ್ನೊಂದು ತುದಿಗೆ ಉದ್ದತೂತು ಮಾಡಿ ಬೋಲ್ಟ್ ಹಾಕಿ.

ಕೊಂಡಿ, ಮೂಕಿ, ಅಚ್ಚು ಕೂರಿಸುವ ಕಡೆ, ಈ ಮೂರು ಜಾಗದ ಬೆಸುಗೆಯನ್ನು ವೃತ್ತಿಯ ವೆಲ್ಡರ್ ಮಾಡಲಿ. ಉಳಿದದ್ದು ನಿಮ್ಮ ಕೈ. ಸುರಕ್ಷತಾ ಸರಪಳಿ ಎರಡು, ಕೊಂಡಿಯ ಅಡಿಯಲ್ಲಿ ಒಂದಕ್ಕೊಂದು ಅಡ್ಡ ಹಾಯಬೇಕು, ಕೊಂಡಿ ಕಳಚಿದರೆ ಮೂಕಿ ರಸ್ತೆಗೆ ಬೀಳದೆ ಅವುಗಳ ಮೇಲೆ ನಿಲ್ಲುತ್ತದೆ. ದೀಪಕ್ಕೆ ನಾಲ್ಕು ತಂತಿ: ಬಿಳಿ ಅರ್ಥಿಂಗ್, ಕಂದು ಹಿಂದಿನ ದೀಪ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ತಂತಿಯನ್ನು ಚೌಕಟ್ಟಿನ ಟ್ಯೂಬಿನೊಳಗೆ ಎಳೆದು ಬೆಂಕಿಪೆಟ್ಟಿಗೆಯಿಂದ ದೂರ ಇಡಿ. ದೀಪ, ಟೈರ್ ಎರಡೂ ಪೆಟ್ಟಿಗೆಯ ಪಕ್ಕದಲ್ಲಿರಬಾರದು, ಕರಗುತ್ತವೆ. ಒಟ್ಟು ಅಗಲ 80 ಇಂಚಿನ ಒಳಗೇ ಇದ್ದರೆ ಹೆಚ್ಚುವರಿ ಅಂಚುದೀಪಗಳ ರಗಳೆ ಇಲ್ಲ.

ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಕಟ್ಟಿದ ಟ್ರೇಲರನ್ನೂ ಕೌಂಟಿಯ ಟ್ಯಾಕ್ಸ್ ಆಫೀಸಿನಲ್ಲಿ ನೋಂದಾಯಿಸಿ ನಂಬರ್ ಪ್ಲೇಟ್ ಪಡೆಯಬೇಕು. ಒಟ್ಟು ತೂಕ 4,000 ಪೌಂಡ್ ದಾಟಿದರೆ ಟೈಟಲ್ (ಮಾಲೀಕತ್ವದ ಪತ್ರ) ಬೇಕು, 4,500 ದಾಟಿದರೆ ಬ್ರೇಕ್ ಬೇಕು. ನಮ್ಮದು ಎರಡಕ್ಕೂ ಕೆಳಗಿದೆ. ಬೇರೆ ರಾಜ್ಯದಲ್ಲಿರುವವರು ತಂತಮ್ಮ ಕಡೆಯ ನಿಯಮ ನೋಡಿಕೊಳ್ಳಿ. ಸಾಮಾನಿನ ಬಿಲ್ಲುಗಳನ್ನು, ಕಟ್ಟುವಾಗಿನ ಫೋಟೋಗಳನ್ನು ಎತ್ತಿಟ್ಟಿರಿ, ಕೇಳಿದಾಗ ತೋರಿಸಬಹುದು.

ಮೊದಲ ಬೆಂಕಿ

ಹೊರಗೆ ಶಾಖ ತಡೆಯುವ ಬಣ್ಣ ಹೊಡೆಯಿರಿ. ಬೆಂಕಿಪೆಟ್ಟಿಗೆಯ ಮೇಲೆ ಯಾವ ಬಣ್ಣವೂ ಬಹಳ ದಿನ ನಿಲ್ಲುವುದಿಲ್ಲ, ಆಗಾಗ ಬಿಸಿ ಇರುವಾಗ ಅಡುಗೆ ಎಣ್ಣೆ ಸವರಿದರೆ ತುಕ್ಕು ಹಿಡಿಯದೆ ಕಪ್ಪಗೆ ಕೂರುತ್ತದೆ. ಒಳಗೆ ಬಣ್ಣ ಹಾಕುವಂತಿಲ್ಲ. ವೆಲ್ಡಿಂಗ್ ಚೂರು, ಗ್ರೈಂಡರ್ ಪುಡಿ ಎಲ್ಲ ತೊಳೆದು, ಎಣ್ಣೆ ಸಿಂಪಡಿಸಿ, ಏನನ್ನೂ ಬೇಯಿಸದೆ 275ರಿಂದ 300 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕೆಲವು ಗಂಟೆ ಉರಿಸಿ. ಹೊಸ ಕಬ್ಬಿಣದ ಕಾವಲಿ ಪಳಗಿಸುತ್ತೇವಲ್ಲ, ಅದೇ ಕೆಲಸ, ಅಳತೆ ಮಾತ್ರ ದೊಡ್ಡದು. ಆಮೇಲೆ ಜಾಲರಿ ಉದ್ದಕ್ಕೂ ಬ್ರೆಡ್ ಸ್ಲೈಸ್ ಜೋಡಿಸಿ ನೋಡಿ. ಎಲ್ಲಿ ಬೇಗ ಕಂದುತ್ತದೋ ಅಲ್ಲಿ ಬಿಸಿ ಜಾಸ್ತಿ. ಬೆಂಕಿಪೆಟ್ಟಿಗೆಯ ಪಕ್ಕ ಬೇಗ ಕಂದುವುದು ಸಹಜ, ಅದಕ್ಕೆ ಹೊಂದಿಕೊಂಡು ಏನನ್ನು ಎಲ್ಲಿಡಬೇಕು ಅಂತ ತೀರ್ಮಾನಿಸಿ.

ಸೌದೆ ವಿಷಯದಲ್ಲಿ ಟೆಕ್ಸಾಸಿನವರು ಜಗಳಕ್ಕೇ ನಿಲ್ಲುತ್ತಾರೆ. ನಡು ಟೆಕ್ಸಾಸ್‌ನಲ್ಲಿ, ಲಾಕ್‌ಹಾರ್ಟ್, ಟೇಲರ್ ಕಡೆ, ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದಂಗಡಿಗಳಿಂದ ಬಂದ ಸಂಪ್ರದಾಯ, ಅಲ್ಲಿ ಪೋಸ್ಟ್ ಓಕ್ ಬಿಟ್ಟರೆ ಇನ್ನೊಂದಿಲ್ಲ. ಪೂರ್ವಕ್ಕೆ ಹೋದರೆ ಹಿಕರಿ. ಪಶ್ಚಿಮಕ್ಕೆ ಮೆಸ್ಕೀಟ್. ಈ ಮೆಸ್ಕೀಟ್ ನಮಗೆ ಹೊಸಬನಲ್ಲ, ನಮ್ಮ ಬಯಲುಸೀಮೆಯಲ್ಲಿ ಕೆರೆ ಅಂಗಳವನ್ನೆಲ್ಲ ತುಂಬಿಕೊಂಡಿರುವ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಜೋರಾಗಿ ಉರಿಯುತ್ತದೆ, ಹೊಗೆ ಖಾರ. ಬೇಗ ಬೇಯುವುದಕ್ಕೆ ಚೆನ್ನ, ಹನ್ನೆರಡು ಗಂಟೆಯ ಅಡುಗೆಗೆ ಕಹಿ. ಯಾವ ಮರವಾದರೂ ಸೀಳಿ ಆರು ತಿಂಗಳಾದರೂ ಒಣಗಿರಬೇಕು. ಹಸಿ ಸೌದೆ ಹಾಕಿದರೆ ಚಿಮಣಿಯಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ನಿಮಗೆ ಬೇಕಾಗಿರುವುದು ಕಂಡೂ ಕಾಣದಂತಿರುವ ತೆಳು ನೀಲಿ ಹೊಗೆ.

ಬೆಂಕಿ ಚಿಕ್ಕದಾಗಿರಲಿ, ಚುರುಕಾಗಿರಲಿ. ಮೊದಲು ಕೆಂಡದ ಹಾಸು, ಆಮೇಲೆ ಮುಕ್ಕಾಲು ಗಂಟೆಗೊಂದು ಸೀಳು. ಮುಂದಿನ ಸೀಳನ್ನು ಪೆಟ್ಟಿಗೆಯ ನೆತ್ತಿ ಮೇಲೆ ಬಿಸಿಗಿಟ್ಟಿರಿ, ಹಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಚಿಮಣಿ ಮುಚ್ಚಳ ಯಾವಾಗಲೂ ಪೂರ್ತಿ ತೆರೆದಿರಬೇಕು, ಬಿಸಿ ಹೆಚ್ಚುಕಡಿಮೆ ಮಾಡುವುದು ಸೌದೆಯಲ್ಲಿ ಮತ್ತು ಕೆಳಗಿನ ಗಾಳಿಬಾಯಿಯಲ್ಲಿ. 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 121 ಸೆಲ್ಸಿಯಸ್, ಸುತ್ತಮುತ್ತ ಹಿಡಿದಿಟ್ಟರೆ ಕುರಿಯ ತೊಡೆ, ಬ್ರಿಸ್ಕೆಟ್ (ದನದ ಎದೆಯ ಮಾಂಸ) ಯಾವುದಾದರೂ ಆಗುತ್ತದೆ. ಬ್ರಿಸ್ಕೆಟ್ ಒಳಗಿನ ಬಿಸಿ 203 ಡಿಗ್ರಿಯ ಹತ್ತಿರ ಬಂದಾಗ ಮೆತ್ತಗಾಗಿರುತ್ತದೆ. ಕೋಳಿಗೆ ಮಾತ್ರ 300 ದಾಟಿಸಿ, ಇಲ್ಲದಿದ್ದರೆ ಚರ್ಮ ರಬ್ಬರ್. ಒಳಗೆ 165 ಆಗಲೇಬೇಕು.

ಕನ್ನಡ ಸಂಘದ ಪಿಕ್ನಿಕ್ಕಿಗೆ ಒಯ್ಯುವ ಯೋಚನೆ ಇದ್ದರೆ ಒಂದು ಸಲಹೆ. ಅರ್ಧ ಜನ ಸಸ್ಯಾಹಾರಿಗಳಿರುತ್ತಾರೆ. ಬೇರೆ ಜಾಲರಿ ಹಾಕಿದ್ದೇವೆ ಅಂದರೂ ಅದೇ ಟ್ಯಾಂಕಿನಿಂದ ಬಂದ ಬದನೆಕಾಯಿ ತಿನ್ನಲು ಅವರಿಗೆ ಮನಸ್ಸಾಗುವುದಿಲ್ಲ, ನ್ಯಾಯವೇ. ಕಟ್ಟುವಾಗಲೇ ಬೆಂಕಿಪೆಟ್ಟಿಗೆಯ ನೆತ್ತಿ ಮೇಲೆ, ಟ್ಯಾಂಕಿನ ಗಾಳಿ ಸೋಕದ ಹಾಗೆ, ಬಾಗಿಲಿರುವ ಒಂದು ಚಿಕ್ಕ ಡಬ್ಬ ಕೂರಿಸಿ, ಅದಕ್ಕೆ ಅದರದೇ ಚಿಮಣಿ ಕೊಟ್ಟುಬಿಡಿ. ಬೆಂಕಿಯಿಂದ ನೇರ ಬರುವ ಬಿಸಿಯಲ್ಲಿ ಜೋಳದ ತೆನೆ, ಪನೀರ್, ಗೊಜ್ಜಿಗೆ ಬದನೆಕಾಯಿ ಎಲ್ಲ ಅಲ್ಲೇ ಆಗುತ್ತದೆ. ತೂಕದ ಲೆಕ್ಕದಲ್ಲಿ ಈ ಡಬ್ಬವನ್ನೂ ಸೇರಿಸಿ, ಅದೂ ಹಿಂಭಾರವೇ.

ಒಣ ಬೇಸಿಗೆಯಲ್ಲಿ ಕೌಂಟಿಯವರು ಬೆಂಕಿ ನಿಷೇಧ ಹಾಕಿರುತ್ತಾರೆ, ಹೊರಡುವ ಮೊದಲು ನೋಡಿ. ಬೆಂಕಿ ಇರುವಾಗ ಟ್ರೇಲರ್ ಎಳೆಯಬೇಡಿ, ಕೆಂಡ ಪೂರ್ತಿ ಆರಲಿ. ಅಗ್ನಿಶಾಮಕ ಸಿಲಿಂಡರ್ ಮೂಕಿಯ ಮೇಲೆ, ಬೆಂಕಿಯಿಂದ ದೂರ, ಕೈಗೆ ಸಿಗುವ ಹಾಗೆ. ಹೊಸ ಚಕ್ರದ ನಟ್ಟುಗಳನ್ನು 10, 25, 50 ಮೈಲಿ ಆದಾಗ ಒಂದೊಂದು ಸಲ ನಿಲ್ಲಿಸಿ ಟಾರ್ಕ್ ಪಾನೆಯಿಂದ ಬಿಗಿ ಮಾಡಿ, ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್ ಹಾಕಿ. ಅಡುಗೆ ಮುಗಿದ ಮರುದಿನವೇ ಬೂದಿ ತೆಗೆದುಬಿಡಿ. ಬೂದಿಗೆ ಮಳೆನೀರು ಸೇರಿದರೆ ಕ್ಷಾರವಾಗಿ ಪೆಟ್ಟಿಗೆಯ ತಳವನ್ನೇ ತಿನ್ನುತ್ತದೆ, ಚಿಮಣಿ ಬಾಯಿಗೆ ಒಂದು ಹಳೆ ಡಬ್ಬಿ ಬೋರಲು ಹಾಕಿದರೆ ಒಳಗೆ ನೀರು ಇಳಿಯುವುದಿಲ್ಲ. ಮುಂದಿನ ಸಲ ಬೆಂಕಿ ಹಾಕುವ ಮೊದಲು ಅದನ್ನು ತೆಗೆಯಿರಿ.